ಉಪ್ಪುನೀರಿನ ಟಬ್ಬಿನಲ್ಲಿ ಪಾಸಾದ ಡಿಟೆಕ್ಟರ್

ಲೋಹ ಹುಡುಕುವ ಯಂತ್ರ (ಮೆಟಲ್ ಡಿಟೆಕ್ಟರ್) ಕಡಲತೀರಕ್ಕೊಂದು, ನೆಲಕ್ಕೊಂದು ಅಂತ ಎರಡು ಬೇಕೇ ಬೇಕು, ಒಂದರಲ್ಲೇ ಎರಡೂ ಮಾಡಲು ಹೋದರೆ ಎರಡೂ ಕೆಡುತ್ತವೆ ಎಂದು ನಮ್ಮ ಬಳಗದಲ್ಲಿ ಹೇಳದವರಿಲ್ಲ. ‘ಮೊದಲು ಅಗ್ಗದ್ದೊಂದು ತಗೋ, ಕೈ ಪಳಗಲಿ’ ಎಂಬುದು ಇನ್ನೊಂದು ಉಪದೇಶ. ನಾನು ಎರಡಕ್ಕೂ ಕಿವಿಗೊಡದೆ, ಕೊಳ್ಳುವ ಮೊದಲೇ ಯಂತ್ರಗಳನ್ನು ಎರವಲು ತಂದು ಉಪ್ಪುನೀರಿನ ಟಬ್ಬಿನ ಮೇಲೆ ಪರೀಕ್ಷೆಗಿಟ್ಟೆ. ‘ಸಮುದ್ರವನ್ನೇ ಟಬ್ಬಿಗೆ ತುಂಬಿಸ್ತಾನಂತೆ’ ಎಂದು ನಕ್ಕರು. ಈಗ ಅವರಲ್ಲೇ ಇಬ್ಬರು ಬಂದು ಟಬ್ಬು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಟಬ್ಬು ಪೂರ್ತಿ ಪ್ಲಾಸ್ಟಿಕ್ಕಿನದಾಗಿರಬೇಕು, ಹಿಡಿಕೆಯಲ್ಲೂ ತಂತಿ ಇರಬಾರದು. ಕಾಯಿಲ್‌ಗಿಂತ ಸುತ್ತಲೂ ಒಂದು ಗೇಣು ಅಗಲ ಇದ್ದರೆ ಒಳ್ಳೆಯದು. ಕಾಯಿಲ್ ಎಂದರೆ ಯಂತ್ರದ ತುದಿಯಲ್ಲಿರುವ, ನೆಲದ ಮೇಲೆ ಬೀಸುವ ತಟ್ಟೆ. ಮರಳು ತುಂಬಿಸಿ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಕರಗಿಸಿದ ನೀರು ಹೊಯ್ಯಬೇಕು. ಸಮುದ್ರದ ನೀರಿನ ಉಪ್ಪೂ ಹೆಚ್ಚುಕಡಿಮೆ ಅಷ್ಟೇ. ಮರಳಿನ ಮೈ ಹೊಳೆಯುವಷ್ಟು ನೀರಾದರೆ ಸಾಕು. ಸಿಮೆಂಟ್ ನೆಲದ ಮೇಲೆ ಮಾತ್ರ ಇಡಬೇಡಿ, ಒಳಗಿನ ಕಬ್ಬಿಣದ ಸರಳು ಎಲ್ಲ ಲೆಕ್ಕವನ್ನೂ ಹಾಳುಮಾಡುತ್ತದೆ. ನಾನು ಮೊದಲೇ ಹುಡುಕಿ ಚೊಕ್ಕ ಮಾಡಿದ ಬರಿ ಮಣ್ಣಿನ ಜಾಗದಲ್ಲಿ ಇಟ್ಟಿದ್ದೆ. ಕಾಯಿಲನ್ನು ನಾಲ್ಕು ಬೆರಳಿನಷ್ಟು ಎತ್ತರದಲ್ಲಿ ಹಿಡಿದು ಒಣ ಮಣ್ಣಿನಿಂದ ಟಬ್ಬಿನ ಮೇಲಕ್ಕೆ ಬೀಸಬೇಕು. ಅಂಚು ದಾಟುವ ಆ ಒಂದು ಕ್ಷಣ ಏನು ಸದ್ದು ಬರುತ್ತದೆ ಎನ್ನುವುದೇ ಪರೀಕ್ಷೆ.

ಮೊದಲು ಬಂದದ್ದು ಒಂಟಿ ಫ್ರೀಕ್ವೆನ್ಸಿಯದು, ಅಂದರೆ ನೆಲಕ್ಕೆ ಒಂದೇ ಕಂಪನಾಂಕದ ಸಿಗ್ನಲ್ ಬಿಡುವಂಥದ್ದು, 12ರಿಂದ 15 ಕಿಲೋಹರ್ಟ್ಸ್‌ ವರ್ಗದ್ದು. ನೆಲದ ಮೇಲೆ ಏನು ಚೆಂದ ಕೆಲಸ ಮಾಡುತ್ತೆ ಗೊತ್ತಾ! ಒಣ ಮರಳಲ್ಲೂ ತಕರಾರಿಲ್ಲ. ಟಬ್ಬಿನ ಅಂಚು ದಾಟಿದ್ದೇ ತಡ, ಕಿರ್ರೆಂದು ಶುರು ಮಾಡಿತು. ಸೆನ್ಸಿಟಿವಿಟಿ ಅರ್ಧಕ್ಕಿಳಿಸಿದೆ, ಸುಮ್ಮನಾಯಿತು. ಜತೆಗೆ ಟಬ್ಬಿನ ಮರಳಲ್ಲಿ ಗೇಣುದ್ದ ಆಳದಲ್ಲಿ ಹೂತಿದ್ದ ಚಿನ್ನದ ಉಂಗುರವೂ ಸುಮ್ಮನಾಯಿತು. ಹೋಗಲಿ ಅಂತ ಒದ್ದೆ ಮರಳಿಗೇ ಗ್ರೌಂಡ್ ಬ್ಯಾಲೆನ್ಸ್ (ನೆಲದ್ದೇ ಸದ್ದನ್ನು ಅಳಿಸುವ ಸೆಟ್ಟಿಂಗ್) ಹೊಂದಿಸಿದರೆ ಅದೂ ಅದೇ ಕಥೆ. ಉಪ್ಪುನೀರು ಮತ್ತು ತೆಳು ಚಿನ್ನ ಇವೆರಡೂ ಯಂತ್ರಕ್ಕೆ ಹತ್ತಿರ ಹತ್ತಿರ ಒಂದೇ ಥರ ಕಾಣುತ್ತವೆ, ಒಂದನ್ನು ಅಳಿಸಿದರೆ ಇನ್ನೊಂದೂ ಅಳಿಯುತ್ತದೆ. ನಿಜವಾದ ತೀರದಲ್ಲಿ ಕಬ್ಬಿಣದಂಶದ ಕಪ್ಪು ಮರಳೂ ಸೇರಿದರಂತೂ ಮುಗಿಯಿತು. ಉಪ್ಪಿಗೆ ಹೊಂದಿಸಿದರೆ ಕಬ್ಬಿಣದಂಶ ಕೂಗುತ್ತದೆ, ಅದಕ್ಕೆ ಹೊಂದಿಸಿದರೆ ಉಪ್ಪು ಕೂಗುತ್ತದೆ. ಒಂಟಿ ಫ್ರೀಕ್ವೆನ್ಸಿಗೆ ಎರಡನ್ನೂ ಒಟ್ಟಿಗೆ ಸಂಭಾಳಿಸಲು ಬರುವುದಿಲ್ಲ.

ಆಮೇಲೆ ಪಲ್ಸ್ ಇಂಡಕ್ಷನ್, ಅಂದರೆ ಬಿಟ್ಟುಬಿಟ್ಟು ವಿದ್ಯುತ್ ಮಿಡಿತ ಕಳಿಸಿ ಲೋಹದ ಮರುದನಿ ಕೇಳುವ ಯಂತ್ರ. ಟಬ್ಬು ಇದೆ ಎಂಬ ಅರಿವೇ ಅದಕ್ಕಿಲ್ಲ. ತೀರಕ್ಕೆ ಒಯ್ದಾಗ ನೀರಂಚಿನಲ್ಲಿ ಅದಕ್ಕೆ ಸಾಟಿಯೇ ಇರಲಿಲ್ಲ, ಇದನ್ನು ಒಪ್ಪಲೇಬೇಕು. ಆದರೆ ನೆಲಕ್ಕೆ ತಂದ ಮೇಲೆ? ಮೊಳೆ, ಹೇರ್‌ಪಿನ್, ತಂತಿ ಚೂರು, ಬಾಟಲಿ ಮುಚ್ಚಳ, ಎಲ್ಲಕ್ಕೂ ಒಂದೇ ಮರ್ಯಾದೆ. ಹಳೆ ಮನೆ ಬಿದ್ದ ಜಾಗವೊಂದರಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಗೆದೆ, ಸಿಕ್ಕಿದ್ದು ಬಕೆಟ್ಟಿನ ತಳ ಮುಚ್ಚುವಷ್ಟು ಮೊಳೆ ಮತ್ತು ಬೆನ್ನು ನೋವು. ನೀರಿಗೆ ಬಿಟ್ಟು ಬೇರೆಲ್ಲೂ ಹೋಗದವರು ಅದನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಎರಡೂ ಬೇಕೆಂದರೆ ಅದರ ಜತೆಗೆ ನೆಲಕ್ಕೊಂದು ಯಂತ್ರ, ಎರಡು ಚೀಲ, ಎರಡರ ಬ್ಯಾಟರಿ. ಲೆಕ್ಕ ಹಾಕಿದಾಗ ನಾನು ಕೊನೆಗೆ ಕೊಟ್ಟ ಹಣದ ಹತ್ತಿರಹತ್ತಿರ ಎರಡು ಪಟ್ಟು ಬರುತ್ತಿತ್ತು.

ಉಳಿದದ್ದು ಏಕಕಾಲಕ್ಕೆ ಹಲವು ಫ್ರೀಕ್ವೆನ್ಸಿ ಬಿಡುವ ಯಂತ್ರ. ಇಲ್ಲಿ ಒಂದು ಎಚ್ಚರ. ‘ಮಲ್ಟಿ’ ಎಂದು ಡಬ್ಬಿಯ ಮೇಲೆ ಬರೆದಿದ್ದೆಲ್ಲ ಇದಲ್ಲ. ಮೂರ್ನಾಲ್ಕರಲ್ಲಿ ಒಂದನ್ನು ನೀವು ಆರಿಸುವಂಥವೂ ಇವೆ, ಟಬ್ಬಿನ ಮುಂದೆ ಅವೂ ಒಂಟಿಯೇ. ಮೈನ್‌ಲ್ಯಾಬ್‌ನ ವ್ಯಾಂಕ್ವಿಶ್ ಸಾಲಿನದ್ದನ್ನು ನೋಡಿದೆ. ಟಬ್ಬಿನಲ್ಲಿ ಸಲೀಸಾಗಿ ಪಾಸು, ಬೆಲೆಯೂ ಹಗುರ. ಆದರೆ ನೀರಿಗೆ ಇಳಿಸಬಹುದಾದದ್ದು ಕಾಯಿಲ್ ಮಾತ್ರ, ಮೇಲಿನ ಪೆಟ್ಟಿಗೆಗೆ ನೀರು ತಾಗುವಂತಿಲ್ಲ. ಗ್ರೌಂಡ್ ಬ್ಯಾಲೆನ್ಸನ್ನು ನಾವೇ ಹೊಂದಿಸುವ ಅವಕಾಶವೂ ಇಲ್ಲ. ಪಾದ ಮುಳುಗುವಲ್ಲಿಗೇ ನಿಲ್ಲುವವರಿಗೆ ನಾನು ಅದನ್ನೇ ಹೇಳುತ್ತೇನೆ. ನನಗೆ ಮೊಣಕಾಲಿನ ಮೇಲೂ ಹೋಗುವ ಚಟ, ಅಲೆಯೊಂದು ತಪ್ಪಿ ಬಂದರೆ ಪೆಟ್ಟಿಗೆ ನೆನೆಯುವುದು ಖಂಡಿತ.

ಹಾಗಾಗಿ ಅದೇ ಕಂಪನಿಯ ಈಕ್ವಿನಾಕ್ಸ್ 600, ಅದೂ ಸೆಕೆಂಡ್ ಹ್ಯಾಂಡ್. 2018ರಲ್ಲಿ ಬಂದ ಸಾಲು, 3 ಮೀಟರ್ ಆಳದವರೆಗೆ ನೀರು ತಡೆಯುತ್ತದೆ. ಅದೇ ಸಾಲಿನ 800ಕ್ಕೆ ಯಾಕೆ ಹೋಗಲಿಲ್ಲ ಎಂದರೆ, ಅದರಲ್ಲಿ ಹೆಚ್ಚಿಗೆ ಸಿಗುವ 20 ಮತ್ತು 40 ಕಿಲೋಹರ್ಟ್ಸ್‌ ನನಗೆ ಬೇಕಿರಲಿಲ್ಲ. ಬೀಚ್ ಮೋಡಿನಲ್ಲಿ ಯಂತ್ರ ಒಂಟಿ ಫ್ರೀಕ್ವೆನ್ಸಿಯನ್ನು ಮುಟ್ಟಲೂ ಬಿಡುವುದಿಲ್ಲ, ನೆಲದ ಮೇಲೆ ಮಲ್ಟಿಯೇ ಸಾಕು. ಉಳಿಸಿದ ದುಡ್ಡಿನಲ್ಲಿ ಪಿನ್‌ಪಾಯಿಂಟರ್ (ಗುಂಡಿಯೊಳಗೆ ವಸ್ತು ಇರುವ ಜಾಗ ತೋರಿಸುವ ಕೈಯಲ್ಲಿ ಹಿಡಿಯುವ ಸಣ್ಣ ಡಿಟೆಕ್ಟರ್) ಮತ್ತು ಮರಳು ಬಾಚುವ ಸ್ಟೀಲ್ ಸ್ಕೂಪ್ ಬಂತು. ಒಟ್ಟು ಬಜೆಟ್ಟಿನಲ್ಲಿ ನಾಲ್ಕನೇ ಒಂದು ಪಾಲನ್ನು ಇವೆರಡಕ್ಕೇ ಎತ್ತಿಡಿ. ಯಂತ್ರಕ್ಕೆ ಎಲ್ಲ ಸುರಿದು ಕೈಯಲ್ಲಿ ಮರಳು ಕೆದಕುತ್ತಾ ಕೂತವರನ್ನು ಕಂಡಿದ್ದೇನೆ, ಅಲೆ ಬಂದು ಗುಂಡಿ ಮುಚ್ಚಿಹೋಗುತ್ತದೆ.

ಹಳೆಯದು ಕೊಳ್ಳುವಾಗ ನಾನು ನೋಡಿದ್ದು ಇಷ್ಟು: ಕಾಯಿಲ್ ಕೂರುವ ಕಿವಿಗಳಲ್ಲಿ ಕೂದಲೆಳೆಯಷ್ಟಾದರೂ ಬಿರುಕು ಇದೆಯೇ, ಚಾರ್ಜ್ ಮಾಡುವ ಪಿನ್ನುಗಳಲ್ಲಿ ಹಸಿರು ಕಿಲುಬು ಇದೆಯೇ, ಪರದೆಯ ಒಳಗೆ ಮಂಜು ಕಟ್ಟಿದೆಯೇ. ಆನ್ ಇಟ್ಟು ಕಾಯಿಲ್ ವೈರನ್ನು ಅಲ್ಲಲ್ಲಿ ಬಗ್ಗಿಸಿ ನೋಡಿದಾಗ ಸದ್ದು ಬಂದರೆ ವ್ಯವಹಾರ ಅಲ್ಲಿಗೇ ಬಿಡಿ. ಇದಕ್ಕೆ ಮುಂಚೆ ನೋಡಿದ ಒಂದರಲ್ಲಿ ಪಿನ್ನುಗಳನ್ನು ತಾಜಾ ಉಜ್ಜಿ ಹೊಳಪಿಸಿಟ್ಟಿದ್ದರು. ಬೆಲೆ ತೀರಾ ಕಮ್ಮಿ ಹೇಳಿದಾಗಲೇ ನನಗೆ ವಾಸನೆ ಬಡಿದಿತ್ತು.

ಟಬ್ಬಿಗೊಂದು ಮಿತಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಅಷ್ಟಗಲದ ಮರಳು ಇಡೀ ತೀರದಷ್ಟು ಗಲಾಟೆ ಮಾಡುವುದಿಲ್ಲ. ಟಬ್ಬಿನಲ್ಲಿ ಫೇಲಾದದ್ದು ತೀರದಲ್ಲಿ ಫೇಲೇ. ಪಾಸಾದದ್ದನ್ನು ಮಾತ್ರ ಒಮ್ಮೆ ನೀರಂಚಿಗೆ ಒಯ್ದು ನೋಡಿ.

ಟಬ್ಬು ಮನೆಯಲ್ಲೇ ಇತ್ತಲ್ಲ, ಇನ್ನೂ ಕೆಲವು ಆಟ ಆಡಿದೆ. ಹೆಚ್ಚುಕಡಿಮೆ ಒಂದೇ ತೂಕದ ಉಂಗುರ ಮತ್ತು ತೆಳು ಸರವನ್ನು ಒಂದೇ ಆಳದಲ್ಲಿ ಹೂತೆ. ಉಂಗುರ ಸ್ಪಷ್ಟವಾಗಿ ಕೂಗಿತು, ಸರ ಉಸಿರೇ ಬಿಡಲಿಲ್ಲ. ಯಂತ್ರಕ್ಕೆ ಸರ ಕಾಣುವುದಿಲ್ಲ, ಒಂದೊಂದು ಕೊಂಡಿ ಬೇರೆಬೇರೆಯಾಗಿ ಕಾಣುತ್ತದೆ. ಅದರ ಕೊಕ್ಕೆಯ ಕಡೆ ಮಾತ್ರ ಒಂದು ಸಣ್ಣ ಚಿಟಿಕೆ ಸದ್ದು. ‘ನನ್ನ ಯಂತ್ರ ಎಂಥ ಚಿನ್ನವನ್ನೂ ಬಿಡಲ್ಲ’ ಎನ್ನುವವರು ಇದನ್ನೊಮ್ಮೆ ಮಾಡಿ ನೋಡಲಿ. ಉಂಗುರದ ಪಕ್ಕ ತುಕ್ಕು ಹಿಡಿದ ಮೊಳೆ ಇಟ್ಟಾಗ ರಿಕವರಿ ಸ್ಪೀಡ್ (ಒಂದು ವಸ್ತುವಿನ ಸದ್ದು ಮುಗಿಸಿ ಇನ್ನೊಂದಕ್ಕೆ ಸಿದ್ಧವಾಗುವ ವೇಗ) 1ರಲ್ಲಿ ಎರಡೂ ಕಲಸಿಹೋದವು, 3ಕ್ಕೇರಿಸಿದಾಗ ಮೊಳೆಯ ಗೊರಗೊರ ಒಂದು ಕಡೆ, ಉಂಗುರ ಇನ್ನೊಂದು ಕಡೆ. ನೆಲದ ಮೇಲೆ ಅವತ್ತಿನಿಂದ 3ನ್ನು ಇಳಿಸಿಲ್ಲ. ಜೇಬಿನ ಮೊಬೈಲಿನದೂ ಪರೀಕ್ಷೆ ಆಯಿತು: ಬಗ್ಗಿದಾಗ ಅದು ಕಾಯಿಲ್ ಹತ್ತಿರ ಬಂದರೆ ಚಿಟಪಟ ಶುರು. ಈಗ ಅದು ಬೆನ್ನಿನ ಚೀಲದಲ್ಲಿ.

ತೀರದಲ್ಲಿ ನನ್ನ ಸೆಟ್ಟಿಂಗ್ ದೊಡ್ಡದೇನಿಲ್ಲ. ಒಣ ಮತ್ತು ಒದ್ದೆ ಮರಳಿಗೆ ಬೀಚ್ 1, ಅಲೆಯೊಳಗೆ ಬೀಚ್ 2. ಮೊದಲು ನಾಯ್ಸ್ ಕ್ಯಾನ್ಸಲ್ (ಸುತ್ತಲಿನ ವಿದ್ಯುತ್ ಗದ್ದಲ ತಗ್ಗಿಸುವುದು), ಆಮೇಲೆ ಕಾಯಿಲನ್ನು ಮೇಲೆ ಕೆಳಗೆ ಆಡಿಸಿ ಗ್ರೌಂಡ್ ಬ್ಯಾಲೆನ್ಸ್. ಸೆನ್ಸಿಟಿವಿಟಿ 18ರ ಆಸುಪಾಸು. ಡಿಸ್ಕ್ರಿಮಿನೇಷನ್ (ಬೇಡದ ಲೋಹಗಳಿಗೆ ಸದ್ದು ಮಾಡದಂತೆ ಯಂತ್ರಕ್ಕೆ ಹೇಳುವುದು) ಬೇಡವೇ ಬೇಡ, ಅಲ್ಯೂಮಿನಿಯಂ ಹಾಳೆಯನ್ನು ಬಿಟ್ಟರೆ ಅದರ ಜತೆ ಉಂಗುರವನ್ನೂ ಬಿಟ್ಟ ಹಾಗೆ. ನೀರಿನತ್ತ ಮುಖ ಮಾಡಿ ನಡೆದರೆ ಬೀಸು ಅಂಚಿಗೆ ಸಮಾನಾಂತರವಾಗುತ್ತದೆ, ಕಾಯಿಲ್ ಒಂದೇ ಹದದ ತೇವದ ಮೇಲೆ ಉಳಿಯುತ್ತದೆ. ಅಂಚಿಗೆ ಅಡ್ಡ ಬೀಸಿದರೆ ಒಣಗು, ಒದ್ದೆ, ನೀರು ಎಂದು ಪ್ರತಿ ಬೀಸಿಗೂ ನೆಲ ಬದಲಾಗಿ ಯಂತ್ರ ಸುಮ್ಮಸುಮ್ಮನೆ ಬಡಬಡಿಸುತ್ತದೆ. ಇದೊಂದು ಗೊತ್ತಿಲ್ಲದೆ ಎಷ್ಟು ಜನ ಒಳ್ಳೆ ಯಂತ್ರವನ್ನು ಮಾರಿಕೊಂಡಿದ್ದಾರೋ.

ಕ್ಯಾನಿನ ಕೊಂಡಿ ಯಾವುದು, ಉಂಗುರ ಯಾವುದು ಎಂದು ಪರದೆಯ ನಂಬರ್ ನೋಡಿ ಹೇಳಲು ಸಾಧ್ಯವಿಲ್ಲ, ಎರಡೂ ಅಲ್ಲಲ್ಲೇ ಬೀಳುತ್ತವೆ. ನಾನು ಕಿವಿಯಿಂದ ಹತ್ತಕ್ಕೆ ಆರೇಳು ಸಲ ಸರಿ ಹೇಳುತ್ತೇನೆ. ಹೇಗೆ ಎಂದು ಕೇಳಬೇಡಿ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬಿರುಗಾಳಿಯ ಮರುದಿನ ತೀರದ ಯಾವ ಭಾಗಕ್ಕೆ ಮೊದಲು ಹೋಗುತ್ತೇನೆ ಎಂಬುದೂ ಅಷ್ಟೇ. ಮರಳು ಕೊಚ್ಚಿಹೋಗಿ ಗಟ್ಟಿ ತಳ ಕಾಣುವ ಕಡೆ ಎಂದಷ್ಟೇ ಹೇಳಬಲ್ಲೆ.

ನೆಲಕ್ಕೆ ಬಂದರೆ ಪಾರ್ಕ್ 1 ಅಥವಾ ಫೀಲ್ಡ್ 1 ಮೋಡ್, ಜಾಗದವರ ಒಪ್ಪಿಗೆ ಪಡೆದ ಮೇಲೆ. ನಾಣ್ಯದ ಗಾತ್ರದ್ದು ಗೇಣುದ್ದದವರೆಗೆ ಖಾತ್ರಿ ಸಿಗುತ್ತದೆ. ಮೊಳೆ ಕಿಕ್ಕಿರಿದ ಜಾಗದಲ್ಲಿ 11 ಇಂಚಿನ ಕಾಯಿಲ್ ದೊಡ್ಡದಾಯಿತು, ಅದನ್ನು ಒಪ್ಪುತ್ತೇನೆ. 6 ಇಂಚಿನದಕ್ಕೆ ದುಡ್ಡು ಕೂಡಿಡುತ್ತಿದ್ದೇನೆ. ಎರಡನೇ ಯಂತ್ರ ತಗೋ ಎನ್ನುವವರು ಇನ್ನೂ ಇದ್ದಾರೆ. ಆ ಬೆಲೆಯ ಸಣ್ಣದೊಂದು ಪಾಲಿಗೇ ಈ ಕಾಯಿಲ್ ಬರುತ್ತದೆ.