ಸ್ಟೀಲ್ ಚೌಕಟ್ಟಿನ ಹಳೇ ಮೀನಿನ ತೊಟ್ಟಿ: ಬಿಚ್ಚೋ ಮುಂಚೆ ನೀರು ತುಂಬಿ

ನ್ಯೂಜೆರ್ಸಿಯ ನಮ್ಮ ಬೀದಿಯ ಗರಾಜ್ ಸೇಲಿನಲ್ಲಿ ಐದು ಡಾಲರಿಗೆ ಒಂದು ಮೀನಿನ ತೊಟ್ಟಿ ಸಿಕ್ಕಿತು. ಅಂಚಿಗೆಲ್ಲ ಸ್ಟೀಲಿನ ಚೌಕಟ್ಟು. ಖಾಲಿ ಇದ್ದರೂ ಕೈ ಜಗ್ಗುವಷ್ಟು ಭಾರ. ತಿರುಗಿಸಿ ನೋಡಿದರೆ ತಳದಲ್ಲಿ ಗಾಜಿಲ್ಲ, ಕಪ್ಪು ಸ್ಲೇಟು ಕಲ್ಲು. ಶಾಲೆಯಲ್ಲಿ ಬಳಪ ಹಿಡಿದು ಬರೆದೆವಲ್ಲ, ಅದೇ ಕಲ್ಲು.

ಮೊದಲು ವಯಸ್ಸು. ಗಾಜು ಕೂಡುವ ಕಡೆ ಸಂದಿಗೆ ಮೆತ್ತಿದ ಡಾಂಬರಿನಂಥ ಕಪ್ಪು ಪುಟ್ಟಿ ಇದೆಯಾ ನೋಡಿ. ಇದ್ದರೆ ತೊಟ್ಟಿ ಹಳೇದು. ಸಿಲಿಕೋನ್ ಅಂಟು ಬಂದ ಮೇಲೆ, 1960–70ರ ದಶಕಗಳಲ್ಲಿ, ಇಂಥ ಚೌಕಟ್ಟುಗಳೇ ಮೂಲೆಗೆ ಬಿದ್ದವು. ಪುಟ್ಟಿಯ ಮೇಲೆ ಸಿಲಿಕೋನ್ ಕಂಡರೆ ಯಾರೋ ಆಮೇಲೆ ರಿಪೇರಿ ಮಾಡಿದ್ದಾರೆ ಅಂತ. ತಯಾರಿಸಿದ ಕಂಪನಿಯ ವಿಳಾಸವಿರುವ ಚೀಟಿ ಉಳಿದಿದ್ದರೆ ಅದೃಷ್ಟ. ಅಮೆರಿಕದ ವಿಳಾಸಕ್ಕೆ ಐದಂಕಿಯ ಜಿಪ್ ಕೋಡ್ ಬಂದದ್ದು 1963ರಲ್ಲಿ. ಊರಿನ ಹೆಸರಾದ ಮೇಲೆ ಬರೀ ಒಂದೆರಡು ಅಂಕಿ ಇದ್ದರೆ ಚೀಟಿ ಬಹುಶಃ 1943ರಿಂದ 63ರ ನಡುವಿನದು. ಮೀನಿನ ತೊಟ್ಟಿ ಮಾಡುತ್ತಿದ್ದ ಮೆಟಾಫ್ರೇಮ್ ಕಂಪನಿಯ ಹೆಸರಿನ ಜೊತೆ ಮ್ಯಾಟೆಲ್ ಅಂತಲೂ ಇದ್ದರೆ ಇನ್ನೂ ಈಚಿನದು. ಹೌದು, ಬಾರ್ಬಿ ಗೊಂಬೆಯ ಮ್ಯಾಟೆಲ್ಲೇ!

ಇನ್ನು ರಿಪೇರಿ. ಗಾಜು ಬಿಚ್ಚುವ ಆಸೆ ಬರುತ್ತದೆ, ಬೇಡ. ತೊಟ್ಟಿಯನ್ನು ಹೊರಗೆ ಸಮತಟ್ಟಾದ ಹಲಗೆ ಮೇಲಿಟ್ಟು ದಿನಕ್ಕೆ ಮೂರನೇ ಒಂದು ಭಾಗದಂತೆ ನೀರು ತುಂಬಿ. ವರ್ಷಗಟ್ಟಲೆ ಒಣಗಿದ ಪುಟ್ಟಿ ಬಿಗಿದುಕೊಂಡಿರುತ್ತದೆ. ನೀರಿನ ಭಾರ ಗಾಜನ್ನು ಅದಕ್ಕೆ ಒತ್ತುತ್ತದೆ. ಎಷ್ಟೋ ಸಲ ಸೋರಿಕೆ ತಾನಾಗೇ ನಿಲ್ಲುತ್ತದೆ. ಒಂದು ವಾರ ಕಾಯಿರಿ. ನನ್ನದು ನಾಲ್ಕನೇ ದಿನ ನಿಂತಿತು, ಒಂದು ಮೂಲೆ ಬಿಟ್ಟು.

ಆ ಮೂಲೆಯಲ್ಲಿ ನಾನು ಎಡವಟ್ಟು ಮಾಡಿದೆ. ಡಾಂಬರಿನ ಮೇಲೇ ಸಿಲಿಕೋನ್ ಬಳಿದೆ. ಎರಡೇ ದಿನಕ್ಕೆ ಹಾಲಿನ ಕೆನೆ ಥರ ಎದ್ದು ಬಂತು. ಎಣ್ಣೆ, ಡಾಂಬರಿಗೆ ಸಿಲಿಕೋನ್ ಹಿಡಿಯುವುದಿಲ್ಲ. ಒಳಗಡೆ ಉಕ್ಕಿ ಬಂದ ಪುಟ್ಟಿಯನ್ನು ಬ್ಲೇಡಿನಿಂದ ಕೆರೆದು, ಒಂದು ಕಡೆ ಬರೀ ಗಾಜು, ಇನ್ನೊಂದು ಕಡೆ ಬರೀ ಕಲ್ಲು ಕಾಣುವಂತೆ ಮಾಡಿ. ಸಂದಿನೊಳಗಿನ ಪುಟ್ಟಿಯನ್ನು ಮುಟ್ಟಬೇಡಿ. ಹಳೇ ಪುಟ್ಟಿಯಲ್ಲಿ ಸೀಸ ಇರಬಹುದು. ಹಾಗಾಗಿ ಗ್ಲೌಸ್ ಹಾಕಿ, ಒದ್ದೆ ಮಾಡಿ ಕೆರೆಯಿರಿ, ಮರಳು ಕಾಗದ ಉಜ್ಜಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿದ ಮೇಲೆ ಮೀನಿನ ತೊಟ್ಟಿಗೆ ಅಂತಲೇ ಬರೆದಿರುವ ಸಿಲಿಕೋನ್ ಹಚ್ಚಿ. ಬಾತ್‌ರೂಮಿನದು ಅಗ್ಗ ಅಂತ ತರಬೇಡಿ. ಅದರಲ್ಲಿ ಬೂಷ್ಟು ತಡೆಯುವ ಔಷಧಿ ಇರುತ್ತದೆ, ಮೀನಿಗೆ ವಿಷ. ವಿನೆಗರಿನಂಥ ವಾಸನೆ ಪೂರ್ತಿ ಹೋಗುವವರೆಗೆ, ಸುಮಾರು ಒಂದು ವಾರ, ಹಾಗೇ ಬಿಡಿ.

ಗಾಜಿನ ಬಿಳಿ ಕಲೆಗೆ ವಿನೆಗರಿನಲ್ಲಿ ಅದ್ದಿದ ಬಟ್ಟೆ ಅರ್ಧ ಗಂಟೆ ಅಂಟಿಸಿಟ್ಟರೆ ಸಾಕು. ಸ್ಟೀಲಿಗೆ ಸೋಪು ನೀರು. ತಂತಿ ಬ್ರಷ್ ತಾಗಿಸಿದರೆ ಗೀರು ಹೋಗುವುದಿಲ್ಲ.

ಮತ್ತೆ ನೀರು ತುಂಬಿ, ಮೂರು ದಿನ ಬಿಟ್ಟು, ಅಂಚಿನುದ್ದಕ್ಕೂ ಟಿಶ್ಯೂ ಕಾಗದ ಎಳೆಯಿರಿ. ಒಣಗಿದ್ದರೆ ಖಾಲಿ ಮಾಡಿ ಒಳಗೆ ತನ್ನಿ. ಹತ್ತು ಗ್ಯಾಲನ್ ತೊಟ್ಟಿಯಲ್ಲಿ ನೀರೇ 38 ಕಿಲೋ, ತುಂಬಿದ್ದನ್ನು ಎತ್ತುವ ಸಾಹಸ ಬೇಡ. ಮುಚ್ಚಳದ ಬಲ್ಬಿಗೆ ಹಳೇ ವೈರೇ ಇದ್ದರೆ ಪ್ಲಗ್ಗಿಗೆ ಹಾಕಲೇಬೇಡಿ. ನನ್ನದರ ವೈರು ಬಗ್ಗಿಸಿದ ಕೂಡಲೇ ಹಪ್ಪಳದಂತೆ ಮುರಿಯಿತು.