ಕಾಲ್ಚೆಂಡು ಕ್ಲಬ್‌ನ ಹಳೇ ಕಪ್ಪು (ಟ್ರೋಫಿ), ಜರ್ಸಿ, ಫೋಟೋ: ಮಳೆ ಹಿಡಿಯುವ ಮುಂಚೆ ಜೋಪಾನ ಮಾಡಿ

ಕೊಡಗು ಅಂದ ಕೂಡಲೇ ಹೊರಗಿನವರಿಗೆ ಹಾಕಿ ನೆನಪಾಗುತ್ತದೆ. ಆದರೆ ಸುಂಟಿಕೊಪ್ಪ, ಸಿದ್ದಾಪುರ, ಅಮ್ಮತ್ತಿ ಕಡೆಯವರಿಗೆ ಕಾಲ್ಚೆಂಡಿನ ಹುಚ್ಚು ಎಷ್ಟೆಂದು ಹೇಳಬೇಕಾಗಿಲ್ಲ. ಆ ಆಟದ ಹಳೇ ಫೋಟೋ, ಕಪ್ಪು, ರಸೀದಿ ಪುಸ್ತಕಗಳು ಈಗ ಎಲ್ಲಿವೆ? ಜಾಸ್ತಿ ಪಾಲು ಯಾರದೋ ಮನೆಯ ಅಟ್ಟದಲ್ಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆಗಳೇ ಹೋದವು, ಒಳಗಿದ್ದ ಆಲ್ಬಂಗಳನ್ನು ಕೇಳುವವರು ಯಾರು? ಅದಕ್ಕೇ ಈ ಕೆಲಸ ಮುಂದೂಡಬೇಡಿ. ಕಾಫಿ ಕುಯ್ಲು ಮುಗಿದ ಮೇಲೆ ಮಾರ್ಚ್‌ನಿಂದ ಮೇವರೆಗೆ ಜನರಿಗೂ ಬಿಡುವು, ಗಾಳಿಯೂ ಒಣ.

ಮೊದಲು ಒಂದು ದಪ್ಪ ನೋಟ್‌ಬುಕ್ ತನ್ನಿ. ಸಿಕ್ಕ ಪ್ರತಿ ವಸ್ತುವಿಗೂ ಒಂದು ನಂಬರ್ ಕೊಡಿ. ಏನು, ಯಾರ ಮನೆಯದು, ಯಾವಾಗ ಬಂತು, ಯಾರು ಏನು ಹೇಳಿದರು, ಎಲ್ಲ ಬರೆಯಿರಿ. ಹೆಸರು ಗೊತ್ತಿಲ್ಲದ ಕಪ್ಪು ಬರೀ ಲೋಹ, ನನ್ನ ಮಟ್ಟಿಗೆ ಈ ಪುಸ್ತಕವೇ ಎಲ್ಲಕ್ಕಿಂತ ಮುಖ್ಯ.

ಆಮೇಲೆ ಹಳೇ ಆಟಗಾರರ ಮನೆಗೆ ಹೋಗಿ. ತೋಟದ ಕಾರ್ಮಿಕರ ಲೈನ್ ಮನೆಗಳನ್ನು (ಸಾಲು ಮನೆಗಳನ್ನು) ಮರೆಯಬೇಡಿ. "ಕ್ಲಬ್ಬಿಗೆ ಕೊಟ್ಟುಬಿಡಿ" ಅಂತ ಕೇಳಿದರೆ ಯಾರಿಗೂ ಮನಸ್ಸು ಬರುವುದಿಲ್ಲ. "ಒಂದು ವಾರ ಕೊಡಿ ಮಾವ, ಸ್ಕ್ಯಾನ್ ಮಾಡಿ ನಾವೇ ತಂದುಕೊಡ್ತೀವಿ" ಅನ್ನಿ. ಸಹಿ ಮಾಡಿದ ಚೀಟಿ ಕೊಡಿ, ಹೇಳಿದ ದಿನಕ್ಕೆ ವಾಪಸ್ ಮುಟ್ಟಿಸಿ. ಒಂದು ಮನೆಯಲ್ಲಿ ಮಾತು ತಪ್ಪಿದರೆ ಊರಿಡೀ ಸುದ್ದಿಯಾಗುತ್ತದೆ.

ತಂಡದ ಫೋಟೋ ಸಿಕ್ಕರೆ 600 ಡಿ.ಪಿ.ಐ.ನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಒಂದು ಪ್ರಿಂಟ್ ತೆಗೆಸಿ. ಆ ಪ್ರಿಂಟ್ ಮೇಲೆ ತಲೆಗೊಂದು ನಂಬರ್ ಹಾಕಿಕೊಂಡು ಹಿರಿಯರ ಪಕ್ಕ ಕೂತು ಕೇಳಿ: "ನಿಮ್ಮ ಎಡಕ್ಕೆ ನಿಂತಿರೋದು ಯಾರಣ್ಣ? ಗೋಲ್‌ಕೀಪರ್ ಯಾವ ತೋಟದವರು?" ಒಪ್ಪಿದರೆ ಮಾತನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮುಂದಿನ ಸಾಲಿನವರ ಕಾಲ ಬಳಿ ಇಟ್ಟ ಚೆಂಡನ್ನು ದೊಡ್ಡದು ಮಾಡಿ ನೋಡಿ. ಅದರ ಮೇಲೆ ತಂಡದ ಹೆಸರು, ಇಸವಿ ಬರೆದಿರುವುದುಂಟು.

ಇಸವಿ ಸಿಗದಿದ್ದರೆ ಕಾಗದಗಳೇ ಸುಳಿವು ಕೊಡುತ್ತವೆ. ರಸೀದಿಯಲ್ಲಿ ಆಣೆ ಲೆಕ್ಕವಿದ್ದರೆ ಸಾಮಾನ್ಯವಾಗಿ 1957ಕ್ಕೆ ಮುಂಚಿನದು, ಆ ವರ್ಷ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. 'ಕೂರ್ಗ್ ರಾಜ್ಯ' ಅಂತಿದ್ದರೆ ಕೊಡಗು ಬೇರೆ ರಾಜ್ಯವಾಗಿದ್ದ ಕಾಲದ್ದು, ಅಂದರೆ 1956ರ ನವೆಂಬರ್ 1ಕ್ಕೂ ಹಿಂದಿನದು ಅನ್ನಬಹುದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. 'ಮೈಸೂರು ರಾಜ್ಯ' ಹೋಗಿ 'ಕರ್ನಾಟಕ' ಆದದ್ದು 1973ರ ನವೆಂಬರ್‌ನಲ್ಲಿ. ಆದರೆ ಹಳೇ ಲೆಟರ್‌ಹೆಡ್ ಮುಗಿಯುವವರೆಗೂ ಬಳಸುವುದು ಎಲ್ಲ ಸಂಘಗಳ ರೂಢಿ. ಒಂದೇ ಸುಳಿವು ನಂಬಿ ಇಸವಿ ಬರೆಯಬೇಡಿ.

ಈಗ ಜೋಪಾನದ ಮಾತು. ನಮ್ಮ ದೊಡ್ಡ ಶತ್ರು ಬೂಷ್ಟು. ಗಾಳಿಯ ತೇವಾಂಶ ಶೇ 65 ದಾಟಿ ಹಾಗೇ ನಿಂತರೆ ಅದು ಹಬ್ಬುತ್ತದೆ, ಜೂನ್‌ನಿಂದ ನಮ್ಮಲ್ಲಿ ಅದಕ್ಕಿಂತ ಕಮ್ಮಿ ಇರುವುದೇ ಅಪರೂಪ. ಕಬ್ಬಿಣದ ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಎತ್ತರಕ್ಕೆ ಇಡಿ. ಫೋಟೋ, ಕಾಗದಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಬಣ್ಣ ಬದಲಾದಾಗ ಪೊಟ್ಟಣ ಬದಲಿಸಿ. ಡಬ್ಬಿ ತುಂಬುವ ಮುಂಚೆ ಒಳಗಿಡುವುದೆಲ್ಲ ಚೆನ್ನಾಗಿ ಒಣಗಿರಬೇಕು. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆ ಫೋಟೋವನ್ನು ಹಾಳು ಮಾಡುತ್ತದೆ.

ಫೋಟೋಗೆ ಅಂಟು ಹಾಳೆಯ ಆಲ್ಬಂ ಬೇಡವೇ ಬೇಡ. ಪಿ.ವಿ.ಸಿ. ಕವರ್ ಬಿಟ್ಟು ಪಾಲಿಪ್ರೊಪಿಲೀನ್ ಕವರ್ ಕೇಳಿ ತನ್ನಿ. ಹಿಂಬದಿಯಲ್ಲಿ ಬರೆಯಲು ಮೆತ್ತನೆ ಪೆನ್ಸಿಲ್ ಸಾಕು. ಪೇಪರ್ ತುಣುಕುಗಳಿಗೆ, ಸರ್ಟಿಫಿಕೇಟ್‌ಗಳಿಗೆ ಲ್ಯಾಮಿನೇಶನ್ ಮಾಡಿಸುವವರು ಬಹಳ. ದಯವಿಟ್ಟು ಬೇಡ. ಒಮ್ಮೆ ಅಂಟಿದರೆ ಬಿಡಿಸಲು ಆಗುವುದಿಲ್ಲ.

ಜರ್ಸಿಯನ್ನು ಮಡಚಿದರೆ ಗೆರೆ ಬಿದ್ದಲ್ಲೇ ಹರಿಯುತ್ತದೆ. ಗಂಜಿ ಹಾಕದ ಬಿಳಿ ಹತ್ತಿ ಬಟ್ಟೆ ಒಳಗಿಟ್ಟು ಸುತ್ತಿಡಿ. ನುಸಿಗುಳಿಗೆ ಬಟ್ಟೆಗೆ ತಾಗದಿರಲಿ. ಹಳೇ ಚರ್ಮದ ಚೆಂಡಿಗೆ ಎಣ್ಣೆ ಹಚ್ಚಬೇಡಿ, ಪೂರ್ತಿ ಗಾಳಿಯನ್ನೂ ತುಂಬಬೇಡಿ, ಹೊಲಿಗೆ ಬಿಚ್ಚುತ್ತದೆ. ಕಪ್ಪನ್ನು ಫಳಫಳ ಹೊಳೆಸುವ ಆಸೆ ಸಹಜ, ಅಲ್ವಾ? ಆದರೆ ಪಾಲಿಶ್ ಹಾಕಿ ಉಜ್ಜಿದಷ್ಟೂ ಮೇಲಿನ ಬೆಳ್ಳಿ ಲೇಪ ಸವೆಯುತ್ತದೆ, ಕೆತ್ತಿದ ಹೆಸರೂ ಮಾಸುತ್ತದೆ. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

ಸ್ಕ್ಯಾನ್ ಮಾಡಿದ್ದನ್ನು ಮೂರು ಕಡೆ ಇಡಿ. ಒಂದು ಪ್ರತಿ ಜಿಲ್ಲೆಯ ಹೊರಗೆ, ಬೆಂಗಳೂರಲ್ಲೋ ಮೈಸೂರಲ್ಲೋ ಇರುವ ಸದಸ್ಯರ ಹತ್ತಿರ ಇರಲಿ. ಬೇಸಿಗೆಯ ಪಂದ್ಯಾವಳಿಯಲ್ಲಿ ಮೂಲ ಫೋಟೋಗಳನ್ನು ಹೊರಗೆ ತರದೆ ಪ್ರಿಂಟ್‌ಗಳನ್ನೇ ಮೈದಾನದ ಬದಿ ತೂಗುಹಾಕಿ, ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಒಬ್ಬರು ಕೂರಲಿ. ಗುರುತು ಹಿಡಿದವರು ಹೇಳಿದ ಹೆಸರುಗಳನ್ನು ಅಲ್ಲೇ ಬರೆದುಕೊಳ್ಳಿ. ಕಾರ್ಯದರ್ಶಿ ಬದಲಾದಾಗ ಲೆಕ್ಕಪತ್ರದ ಜೊತೆ ಈ ಪುಸ್ತಕವನ್ನೂ ಸಹಿ ಹಾಕಿಸಿ ಒಪ್ಪಿಸಬೇಕು.