ಹಾಡಿನ ಸ್ಪರ್ಧೆಯಲ್ಲಿ ಒಂದು ದೇಶದ ಏಳುಬೀಳನ್ನು ಓದುವ ಬಗೆ: ಐರ್ಲೆಂಡಿನ ಲೆಕ್ಕ

ಯುರೋಪಿನ ಮತ್ತು ಅದರ ಸುತ್ತಲಿನ ದೇಶಗಳು ವರ್ಷಕ್ಕೊಂದು ಹಾಡು ಕಳಿಸಿ, ಒಬ್ಬರ ಹಾಡಿಗೆ ಇನ್ನೊಬ್ಬರು ಅಂಕ ಕೊಡುವ ಯೂರೋವಿಷನ್ ಹಾಡಿನ ಸ್ಪರ್ಧೆಯ ಹಳೆಯ ಫಲಿತಾಂಶಗಳನ್ನು ಮೊದಲ ಬಾರಿಗೆ ತಿರುವಿಹಾಕುವವರಿಗೆ ಐರ್ಲೆಂಡಿನ ಸಾಲು ಒಗಟಿನಂತೆ ಕಾಣುತ್ತದೆ. 1970ರಿಂದ 1996ರೊಳಗೆ ಏಳು ಬಾರಿ ಗೆದ್ದ, 1992, 1993 ಮತ್ತು 1994ರಲ್ಲಿ ಬೇರೆ ಯಾವ ದೇಶಕ್ಕೂ ಇದುವರೆಗೆ ಸಾಧ್ಯವಾಗದಂತೆ ಸತತ ಮೂರು ಸಲ ಗೆದ್ದ ಈ ಪುಟ್ಟ ದೇಶ, ಆಮೇಲೆ ಒಮ್ಮೆಯೂ ಗೆಲ್ಲಲಿಲ್ಲ. 2007 ಮತ್ತು 2013ರಲ್ಲಂತೂ ಫೈನಲ್‌ನ ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. ಇದಕ್ಕೆ ಎರಡು ಸಿದ್ಧ ಉತ್ತರಗಳು ಚಲಾವಣೆಯಲ್ಲಿವೆ. ಐರಿಷ್ ಜನರಿಗೆ ಒಳ್ಳೆಯ ಹಾಡು ಕಟ್ಟುವುದು ಮರೆತುಹೋಯಿತು ಎನ್ನುವುದು ಒಂದು. ಅಕ್ಕಪಕ್ಕದ ದೇಶಗಳು ತಮ್ಮತಮ್ಮಲ್ಲೇ ಅಂಕ ಹಂಚಿಕೊಂಡು ಐರ್ಲೆಂಡನ್ನು ಹೊರಗಿಟ್ಟವು ಎನ್ನುವುದು ಇನ್ನೊಂದು. ಎರಡನ್ನೂ ನಂಬುವ ಮೊದಲು ಒಂದು ನೋಟ್‌ಪುಸ್ತಕ ತೆಗೆದುಕೊಂಡು ಕೆಳಗಿನಂತೆ ಲೆಕ್ಕ ಹಾಕಿ ನೋಡಬೇಕು. ಈ ಕ್ರಮವನ್ನು ಯಾವ ದೇಶಕ್ಕಾದರೂ ಅನ್ವಯಿಸಬಹುದು. ಐರ್ಲೆಂಡನ್ನು ಆರಿಸಿಕೊಂಡಿರುವುದು ಅದರ ಏರೂ ಇಳಿತವೂ ಬಹಳ ಕಡಿದಾಗಿರುವುದರಿಂದ.

ಮೊದಲು ಪಟ್ಟಿ ತಯಾರಿಸಿಕೊಳ್ಳಿ. ವರ್ಷ ಮತ್ತು ಸ್ಥಾನ ಎಂಬ ಎರಡೇ ಕಾಲಂ ಹಾಕಿ ನಿಲ್ಲಿಸಿದರೆ ಅದು ಏನನ್ನೂ ಹೇಳುವುದಿಲ್ಲ. ಅಂದು ಎಷ್ಟು ದೇಶಗಳು ಮತ ಹಾಕಿದವು, ಎಷ್ಟು ಅಂಕ ಸಿಕ್ಕಿತು, ಎಷ್ಟು ಸಿಗಬಹುದಾಗಿತ್ತು, ಹಾಡು ಯಾವ ಭಾಷೆಯಲ್ಲಿತ್ತು, ಮತ ಹಾಕಿದವರು ತೀರ್ಪುಗಾರರೋ ಪ್ರೇಕ್ಷಕರೋ, ಸರದಿಯಲ್ಲಿ ಹಾಡು ಎಷ್ಟನೆಯದಾಗಿ ಬಂತು ಎಂಬ ಕಾಲಂಗಳೂ ಬೇಕು. ಕೊನೆಯಲ್ಲಿ ‘ಕಾರಣ’ ಎಂದು ಒಂದು ಅಗಲವಾದ ಕಾಲಂ ಬಿಡಿ, ಆದರೆ ಅದನ್ನು ಸದ್ಯಕ್ಕೆ ತುಂಬಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲಿಯೇ: ಅವರು ಆ ಕಾಲಮ್ಮನ್ನೇ ಮೊದಲು ತುಂಬಿ, ಉಳಿದವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ.

ಎರಡನೆಯ ಕೆಲಸ ಅಂಕಗಳನ್ನು ಶೇಕಡಾವಾರಿಗೆ ಇಳಿಸುವುದು. 1975ರಿಂದ ಪ್ರತಿ ದೇಶವೂ ತನಗೆ ಮೆಚ್ಚಿಕೆಯಾದ ಹತ್ತು ಹಾಡುಗಳಿಗೆ 12, 10, ಆಮೇಲೆ 8ರಿಂದ 1ರವರೆಗೆ ಅಂಕ ಕೊಡುತ್ತ ಬಂದಿದೆ. ತನ್ನ ಹಾಡಿಗೆ ತಾನೇ ಕೊಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಮತ ಹಾಕಿದ ದೇಶಗಳ ಸಂಖ್ಯೆಯಲ್ಲಿ ಒಂದನ್ನು ಕಳೆದು 12ರಿಂದ ಗುಣಿಸಿದರೆ ಒಂದು ಹಾಡಿಗೆ ದೊರೆಯಬಹುದಾದ ಗರಿಷ್ಠ ಅಂಕ ಸಿಗುತ್ತದೆ. 1980ರಲ್ಲಿ 19 ದೇಶಗಳಿದ್ದವು. ಐರ್ಲೆಂಡಿನ ಜಾನಿ ಲೋಗನ್ ಪಡೆದ 143 ಅಂಕ 216ರಲ್ಲಿ ಶೇ 66. ಅದೇ ಲೋಗನ್ 1987ರಲ್ಲಿ ತಾನೇ ಬರೆದ ಹಾಡಿನಿಂದ ಮತ್ತೆ ಗೆದ್ದಾಗ ಬಂದ 172 ಅಂಕ 252ರಲ್ಲಿ ಶೇ 68. 1992ರಲ್ಲಿ ಲಿಂಡಾ ಮಾರ್ಟಿನ್ ಶೇ 59, 1993ರಲ್ಲಿ ನೀವ್ ಕ್ಯಾವನಾ ಶೇ 65, 1996ರಲ್ಲಿ ಈಮರ್ ಕ್ವಿನ್ ಶೇ 61. ಇವುಗಳ ನಡುವೆ 1994 ಎದ್ದು ಕಾಣುತ್ತದೆ: ಪಾಲ್ ಹ್ಯಾರಿಂಗ್ಟನ್ ಮತ್ತು ಚಾರ್ಲಿ ಮೆಕ್‌ಗೆಟಿಗನ್ ಒಂದು ಪಿಯಾನೊ, ಒಂದು ಗಿಟಾರ್ ಹಿಡಿದು, ವೇದಿಕೆಯ ವಾದ್ಯವೃಂದವನ್ನು ಸುಮ್ಮನೆ ಕೂರಿಸಿ, 288ರಲ್ಲಿ 226 ಅಂಕ ಪಡೆದರು, ಅದು ಶೇ 78ಕ್ಕಿಂತ ಹೆಚ್ಚು. ಇದರೆದುರಿಗೆ 2007ರ ಡರ್ವಿಶ್ ತಂಡದ ಐದು ಅಂಕವನ್ನು ಇಡಿ. ಆ ವರ್ಷ ಮತ ಹಾಕಿದ ದೇಶಗಳು 42. ಐದೆಂದರೆ ಶೇ 1.

ಡಾನಾ ಗೆದ್ದ 1970ರ ಸಾಲನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಆಗ ಪ್ರತಿ ದೇಶದಲ್ಲೂ ಹತ್ತು ತೀರ್ಪುಗಾರರು ತಲಾ ಒಂದೊಂದು ಮತ ಹಾಕುತ್ತಿದ್ದರು. ಹನ್ನೆರಡು ದೇಶಗಳಿದ್ದ ಆ ಸಂಜೆ 110ರಲ್ಲಿ 32 ಮತ, ಅಂದರೆ ಶೇ 29, ಗೆಲುವಿಗೆ ಸಾಕಾಯಿತು. 1975ರ ಮೇಲೊಂದು ಗೆರೆ ಎಳೆದು, ಅದರ ಆಚೆಗಿನದನ್ನು ಬೇರೆ ಪುಟದಲ್ಲಿ ಬರೆದಿಡುವುದು ಒಳ್ಳೆಯದು. 2016ರಿಂದ ತೀರ್ಪುಗಾರರ ಅಂಕ ಮತ್ತು ಪ್ರೇಕ್ಷಕರ ಅಂಕಗಳನ್ನು ಬೇರೆಬೇರೆಯಾಗಿ ಕೊಡುವುದರಿಂದ ಗರಿಷ್ಠ ಅಂಕ ಹೆಚ್ಚುಕಡಿಮೆ ಎರಡರಷ್ಟಾಗಿದೆ. ಅಲ್ಲಿಯೂ ಒಂದು ಗೆರೆ ಬೇಕು. 2024ರಲ್ಲಿ ಐರ್ಲೆಂಡಿನ ಬ್ಯಾಂಬಿ ಥಗ್ ಪಡೆದ 278 ಅಂಕ ಹ್ಯಾರಿಂಗ್ಟನ್–ಮೆಕ್‌ಗೆಟಿಗನ್ ಜೋಡಿಯ 226ಕ್ಕಿಂತ ದೊಡ್ಡ ಸಂಖ್ಯೆಯೇನೋ ಹೌದು, ಆದರೆ ಶೇಕಡಾವಾರಿನಲ್ಲಿ ಅದು 32ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಇನ್ನು ನಿಯಮಗಳು ಬದಲಾದ ವರ್ಷಗಳನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಐರ್ಲೆಂಡಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಗುರುತು ಭಾಷೆಯದು, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. 1977ರಿಂದ 1998ರವರೆಗೆ ಪ್ರತಿ ದೇಶವೂ ತನ್ನದೇ ಭಾಷೆಯಲ್ಲಿ ಹಾಡಬೇಕೆಂಬ ಕಟ್ಟಳೆಯಿತ್ತು. ಇಂಗ್ಲಿಷನ್ನು ‘ತನ್ನದೇ’ ಎಂದು ಹೇಳಿಕೊಳ್ಳಬಲ್ಲವು ಬ್ರಿಟನ್, ಐರ್ಲೆಂಡ್ ಮತ್ತು 1991ರಲ್ಲಿ ಸ್ಪರ್ಧೆಗೆ ಮರಳಿದ ಮಾಲ್ಟಾ ಮಾತ್ರ. 1992ರ ಫಲಿತಾಂಶದ ಮೇಲಿನ ಮೂರು ಸಾಲು ಓದಿದರೆ ಸಾಕು: ಐರ್ಲೆಂಡ್, ಬ್ರಿಟನ್, ಮಾಲ್ಟಾ. ಕಟ್ಟಳೆಯಿದ್ದ ಈ 22 ಸ್ಪರ್ಧೆಗಳಲ್ಲಿ ಇಂಗ್ಲಿಷ್ ಹಾಡು ಎಂಟು ಬಾರಿ ಗೆದ್ದಿದೆ, ಅದರಲ್ಲಿ ಆರು ಐರ್ಲೆಂಡಿನವು. 1999ರಲ್ಲಿ ಕಟ್ಟಳೆ ಹೋಯಿತು. ಅದೇ ವರ್ಷ ಸ್ವೀಡನ್ ಇಂಗ್ಲಿಷಿನಲ್ಲಿ ಹಾಡಿ ಗೆದ್ದಿತು, ಮರುವರ್ಷ ಡೆನ್ಮಾರ್ಕ್, ಅದರ ಮರುವರ್ಷ ಎಸ್ಟೋನಿಯಾ. 2007ರಲ್ಲಿ ಸರ್ಬಿಯಾ ತನ್ನ ಭಾಷೆಯಲ್ಲಿ ಹಾಡಿ ಗೆಲ್ಲುವವರೆಗೆ ಗೆದ್ದ ಎಂಟೂ ಹಾಡುಗಳು ಪೂರ್ತಿಯಾಗಿ ಅಥವಾ ಬಹುಪಾಲು ಇಂಗ್ಲಿಷಿನಲ್ಲಿದ್ದವು, ಮತ್ತು ಅವುಗಳಲ್ಲಿ ಒಂದೂ ಐರ್ಲೆಂಡಿನದಲ್ಲ. ಊರಿಗೊಂದೇ ಇದ್ದ ಬಾವಿಯ ಒಡೆತನ ಕೈತಪ್ಪಿದಂತಾಯಿತು.

ಆದರೂ ಇಲ್ಲಿಗೇ ತೀರ್ಮಾನಕ್ಕೆ ಬರಬೇಡಿ. ಪ್ರತಿ ಕಾರಣಕ್ಕೂ ಒಂದು ಮರುಪರೀಕ್ಷೆ ಮಾಡಬೇಕು. ಭಾಷೆಯೇ ಎಲ್ಲವನ್ನೂ ನಿರ್ಧರಿಸುವುದಾದರೆ ಕಟ್ಟಳೆಯಿದ್ದ ಕಾಲದಲ್ಲಿ ಐರ್ಲೆಂಡ್ ಎಂದೂ ಮುಗ್ಗರಿಸಬಾರದಿತ್ತು. ಆದರೆ 1989ರಲ್ಲಿ ಅದು 18ನೆಯ ಸ್ಥಾನದಲ್ಲಿದೆ, 1995ರಲ್ಲಿ ತನ್ನದೇ ಡಬ್ಲಿನ್‌ನಲ್ಲಿ 14ನೆಯದಾಗಿದೆ. (ಆ ರಾತ್ರಿ ಗೆದ್ದ ನಾರ್ವೆಯ ಹಾಡಿನಲ್ಲಿ ಮಾತು ಬಹಳ ಕಡಿಮೆ, ಪಿಟೀಲಿನದೇ ಕಾರುಬಾರು, ಆ ಪಿಟೀಲು ನುಡಿಸಿದಾಕೆ ಐರ್ಲೆಂಡಿನ ಫಿಯೊನುಲಾ ಶೆರಿ.) ಇನ್ನೊಂದು ಕಡೆಯಿಂದಲೂ ಪರೀಕ್ಷಿಸಿ: 1973ರಿಂದ 1976ರವರೆಗೆ ಭಾಷೆಯ ಸ್ವಾತಂತ್ರ್ಯವಿತ್ತು, ಆ ನಾಲ್ಕು ವರ್ಷ ಐರ್ಲೆಂಡ್ ಗೆದ್ದಿಲ್ಲ. ಎರಡನ್ನೂ ತೂಗಿ ನೋಡಿದರೆ ಭಾಷೆಯ ಕಟ್ಟಳೆ ಏಣಿಯಾಗಿತ್ತು, ಆದರೆ ಹತ್ತುವ ಕೆಲಸವನ್ನು ಹಾಡೇ ಮಾಡಬೇಕಿತ್ತು ಎಂದು ಬರೆದುಕೊಳ್ಳಬಹುದು.

ಭಾಷೆಯ ಗುರುತಿನ ಪಕ್ಕದಲ್ಲೇ ಮತದಾನದ ಗುರುತೂ ಬರುತ್ತದೆ, ಇವೆರಡನ್ನೂ ಬೇರ್ಪಡಿಸುವುದು ಕಷ್ಟದ ಕೆಲಸ. 1997ರಲ್ಲಿ ಐದು ದೇಶಗಳು ಪ್ರಯೋಗಾರ್ಥವಾಗಿ ಪ್ರೇಕ್ಷಕರ ದೂರವಾಣಿ ಮತ ತೆಗೆದುಕೊಂಡವು; 1998ರಲ್ಲಿ ಬಹುತೇಕ ಎಲ್ಲರೂ ಅದನ್ನು ಅನುಸರಿಸಿದರು. ಪ್ರೇಕ್ಷಕರ ಅಭಿರುಚಿ ತೀರ್ಪುಗಾರರ ಅಭಿರುಚಿಗಿಂತ ಎಷ್ಟು ಬೇರೆ ಎಂಬುದಕ್ಕೆ ಆ 1997ರ ಐಸ್‌ಲೆಂಡ್ ಸಾಕ್ಷಿ: ಪಾಲ್ ಓಸ್ಕರ್‌ಗೆ ಸಿಕ್ಕ ಒಟ್ಟು 20 ಅಂಕಗಳಲ್ಲಿ 18 ಬಂದದ್ದು ಆ ಐದೇ ದೇಶಗಳಿಂದ. ಅದೇ ವರ್ಷ ಐರ್ಲೆಂಡ್ ಎರಡನೆಯ ಸ್ಥಾನದಲ್ಲಿತ್ತು, ಮರುವರ್ಷ ಒಂಬತ್ತನೆಯದಾಯಿತು, 1999ರಲ್ಲಿ ಹದಿನೇಳನೆಯದು. ಮೂರು ನಿಮಿಷದಲ್ಲಿ ಕೋಟ್ಯಂತರ ಜನರ ಕಣ್ಣನ್ನೂ ಕಿವಿಯನ್ನೂ ಒಟ್ಟಿಗೆ ಹಿಡಿಯಬೇಕಾದ ಪಂದ್ಯದಲ್ಲಿ, ಕೂತು ಕೇಳುವ ಮೆಲುದನಿಯ ಹಾಡುಗಳಿಗೆ ನೆಲೆ ಕುಸಿಯಿತು ಎಂಬುದು ನನ್ನ ಊಹೆ. ಊಹೆಯನ್ನು ಪಟ್ಟಿಯಲ್ಲಿ ಪೆನ್ಸಿಲಿನಿಂದಲೇ ಬರೆಯಬೇಕು.

ನೆರೆಹೊರೆಯ ಮತದ ವಾದವನ್ನು ಪರೀಕ್ಷಿಸುವುದು ಹೆಚ್ಚು ಸುಲಭ. ದೇಶಕ್ಕೆ ಬಂದ ಅಂಕಗಳನ್ನು ಕೊಟ್ಟವರ ಹೆಸರಿನೊಂದಿಗೆ ಬರೆದು, ‘ಸ್ನೇಹಿತರು’ ಎನ್ನಿಸಿದವರ ಅಂಕಗಳನ್ನು ಕಳೆದು, ಸ್ಥಾನ ಎಷ್ಟು ಬದಲಾಗುತ್ತದೆ ಎಂದು ನೋಡಿ. ಡರ್ವಿಶ್ ತಂಡದ ಐದೂ ಅಂಕಗಳು ಬಂದದ್ದು ಅಲ್ಬೇನಿಯಾದಿಂದ. ಭಾಷೆ, ಗಡಿ, ಬಂಧುಬಳಗ ಎಲ್ಲವನ್ನೂ ಹಂಚಿಕೊಂಡ ಬ್ರಿಟನ್ ಒಂದಂಕವನ್ನೂ ಕೊಡಲಿಲ್ಲ. ನೆರೆಯವರು ಕೈಹಿಡಿಯದ ಹಾಡು ನೆರೆಯವರ ಒಳಸಂಚಿನಿಂದಲೇ ಸೋತಿತೆಂದು ವಾದಿಸುವುದು ಕಷ್ಟ. ಸರದಿಯ ವಾದವೂ ಹೀಗೆಯೇ: ಕೊನೆಗೆ ಹಾಡಿದವರಿಗೆ ಲಾಭ ಎಂಬ ನಂಬಿಕೆ ಬಲವಾಗಿದೆ, ಆದರೆ 1994ರಲ್ಲಿ ಐರ್ಲೆಂಡ್ ಮೂರನೆಯದಾಗಿ ಹಾಡಿ ಗೆದ್ದಿತು, 2013ರಲ್ಲಿ ರಾಯನ್ ಡೋಲನ್ 26 ಹಾಡುಗಳಲ್ಲಿ ಕಟ್ಟಕಡೆಗೆ ಹಾಡಿ ಕಟ್ಟಕಡೆಯ ಸ್ಥಾನ ಪಡೆದರು.

ಸೆಮಿಫೈನಲ್ ಬಂದ ಮೇಲಿನ ವರ್ಷಗಳನ್ನು ಓದುವಾಗ ಮತ್ತೊಂದು ಎಚ್ಚರ ಬೇಕು. 2004ರಿಂದ 2007ರವರೆಗೆ ಒಂದು ಸೆಮಿಫೈನಲ್ ಇತ್ತು, 2008ರಿಂದ ಎರಡಿವೆ. ಬ್ರಿಟನ್, ಫ್ರಾನ್ಸ್, ಜರ್ಮನಿ, ಸ್ಪೇನ್, ಇಟಲಿ ಇವು ಆಯೋಜಕ ಒಕ್ಕೂಟಕ್ಕೆ ಹೆಚ್ಚಿನ ಹಣ ಕೊಡುವ ದೇಶಗಳಾದ್ದರಿಂದ ನೇರ ಫೈನಲ್‌ಗೆ ಬರುತ್ತವೆ. ಐರ್ಲೆಂಡಿಗೆ ಆ ಸವಲತ್ತಿಲ್ಲ. ಹಾಗಾಗಿ ಬ್ರಿಟನ್ನಿನ ಸ್ಥಾನವನ್ನೂ ಐರ್ಲೆಂಡಿನ ಸ್ಥಾನವನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ನ್ಯಾಯವಲ್ಲ. ಐರ್ಲೆಂಡ್ 2025ರವರೆಗೆ 19 ಬಾರಿ ಸೆಮಿಫೈನಲ್‌ನಲ್ಲಿ ಹಾಡಿದೆ, ಏಳು ಬಾರಿ ಮಾತ್ರ ದಾಟಿದೆ. 2007ರಲ್ಲಿ ಡರ್ವಿಶ್ ಸೆಮಿಫೈನಲ್ ಹಾಡಲೇ ಇಲ್ಲ: ಹಿಂದಿನ ವರ್ಷ ಬ್ರಯಾನ್ ಕೆನೆಡಿ ಹತ್ತನೆಯವರಾಗಿದ್ದರಿಂದ, ಅಂದಿನ ನಿಯಮದಂತೆ, ನೇರ ಪ್ರವೇಶ ಸಿಕ್ಕಿತ್ತು. ಆ ಕೊನೆಯ ಸ್ಥಾನ, 2008ರಲ್ಲಿ ಡಸ್ಟಿನ್ ಎಂಬ ಟರ್ಕಿ ಕೋಳಿಯ ಗೊಂಬೆಯನ್ನು ಕಳಿಸಿ ಸೆಮಿಫೈನಲ್‌ನಲ್ಲೇ ಹೊರಬಿದ್ದದ್ದಕ್ಕಿಂತ ಮೇಲೋ ಕೆಳಗೋ ಎಂದು ಅಂಕಿಗಳು ಹೇಳಲಾರವು. (ಗೊಂಬೆ ಕಳಿಸಿದ್ದು ತಮಾಷೆಗೆ, ಯುರೋಪು ನಗಲಿಲ್ಲ.)

ನಿಯಮಗಳ ಲೆಕ್ಕ ಮುಗಿದ ಮೇಲೆ ಹೋಲಿಕೆಗೆ ಇನ್ನೊಂದು ದೇಶವನ್ನು ಆರಿಸಿಕೊಳ್ಳಿ: ಅದೇ ನಿಯಮಗಳ ಕೆಳಗೆ ಆಡಿ ಬೇರೆ ಫಲ ಪಡೆದದ್ದು. ಐರ್ಲೆಂಡಿಗೆ ಸ್ವೀಡನ್ ಸರಿಯಾದ ಜೋಡಿ. ಸ್ವೀಡನ್ನಿಗೂ ನೇರ ಪ್ರವೇಶವಿಲ್ಲ; 2010ರಲ್ಲಿ ಅದೂ ಒಮ್ಮೆ ಸೆಮಿಫೈನಲ್‌ನಲ್ಲಿ ಬಿದ್ದಿತು. ಆದರೆ ಎರಡೇ ವರ್ಷದಲ್ಲಿ ಲೊರೀನ್ ಗೆದ್ದರು, 2015ರಲ್ಲಿ ಮೊನ್ಸ್ ಸೆಲ್ಮರ್ಲೊವ್ ಗೆದ್ದರು, 2023ರಲ್ಲಿ ಲೊರೀನ್ ಮತ್ತೆ ಗೆದ್ದು ಸ್ವೀಡನ್ನನ್ನು ಏಳು ಗೆಲುವಿನ ಸಾಲಿನಲ್ಲಿ ಐರ್ಲೆಂಡಿನ ಪಕ್ಕಕ್ಕೆ ತಂದರು. ಭಾಷೆ, ಪ್ರೇಕ್ಷಕರ ಮತ, ದೇಶಗಳ ಸಂಖ್ಯೆ ಎಲ್ಲವೂ ಇಬ್ಬರಿಗೂ ಒಂದೇ ಆಗಿರುವಾಗ ಉಳಿಯುವ ವ್ಯತ್ಯಾಸ ಮನೆಯೊಳಗಿನದು, ಅಂದರೆ ಹಾಡನ್ನು ಆರಿಸುವ ಬಗೆಯದು. ಸ್ವೀಡನ್ನಿನ ಆಯ್ಕೆ ಸ್ಪರ್ಧೆ ಮೆಲೊಡಿಫೆಸ್ಟಿವಾಲೆನ್ 2002ರಿಂದ ಹಲವು ವಾರ ಊರಿಂದೂರಿಗೆ ಸಾಗುವ ದೊಡ್ಡ ಟಿವಿ ಕಾರ್ಯಕ್ರಮವಾಗಿದೆ, ಈಚಿನ ವರ್ಷಗಳಲ್ಲಿ ಅದರಲ್ಲಿ ಹೊರದೇಶದ ತೀರ್ಪುಗಾರರೂ ಇದ್ದಾರೆ. ತನ್ನ ಹಾಡು ಹೊರಗಿನವರ ಕಿವಿಗೆ ಹೇಗೆ ಬೀಳುತ್ತದೆ ಎಂಬುದು ಅದಕ್ಕೆ ಮೊದಲೇ ಗೊತ್ತಾಗುತ್ತದೆ. ಐರ್ಲೆಂಡಿನ ಆಯ್ಕೆ ಬಹಳ ವರ್ಷ ಶುಕ್ರವಾರ ರಾತ್ರಿಯ ಒಂದು ಮಾತುಕತೆ ಕಾರ್ಯಕ್ರಮದ ಒಂದೇ ಕಂತಿನಲ್ಲಿ ಮುಗಿಯುತ್ತಿತ್ತು.

ಇಲ್ಲಿ ಒಂದು ಹಳೆಯ ಚೇಷ್ಟೆಯ ಮಾತನ್ನು ಬದಿಗಿಡಬೇಕು. ಗೆದ್ದವರೇ ಮುಂದಿನ ವರ್ಷ ಆತಿಥ್ಯ ವಹಿಸಬೇಕಾದ್ದರಿಂದ ಐರಿಷ್ ಪ್ರಸಾರ ಸಂಸ್ಥೆ ಆರ್‌ಟಿಇ 1993ರಲ್ಲಿ ಕಾರ್ಕ್ ಕೌಂಟಿಯ ಮಿಲ್‌ಸ್ಟ್ರೀಟ್ ಎಂಬ ಸಣ್ಣ ಪೇಟೆಯಲ್ಲಿ, 1994, 1995 ಮತ್ತು 1997ರಲ್ಲಿ ಡಬ್ಲಿನ್‌ನಲ್ಲಿ ಸ್ಪರ್ಧೆ ನಡೆಸಿತು; ಖರ್ಚಿಗೆ ಹೆದರಿ ಬೇಕೆಂದೇ ಸೋಲುವ ಹಾಡು ಕಳಿಸತೊಡಗಿತೆಂದು ಜನ ನಕ್ಕರು. ಪಟ್ಟಿ ಇದನ್ನು ಒಪ್ಪುವುದಿಲ್ಲ: ಮೂರನೆಯ ಸತತ ಆತಿಥ್ಯ ಮುಗಿಸಿದ ಮರುವರ್ಷವೇ ಐರ್ಲೆಂಡ್ ಮತ್ತೆ ಗೆದ್ದಿತು, ಅದರ ಮರುವರ್ಷ ಎರಡನೆಯದಾಯಿತು.

ಈಗ ‘ಕಾರಣ’ದ ಕಾಲಂ ತುಂಬಬಹುದು. 2024ರ ಸಾಲನ್ನು ಉದಾಹರಣೆಗೆ ತೆಗೆದುಕೊಂಡರೆ ಅಲ್ಲಿ ಬರೆಯಬೇಕಾದದ್ದು: ಆರನೆಯ ಸ್ಥಾನ, 2000ದ ನಂತರದ ಅತ್ಯುತ್ತಮ, ತೀರ್ಪುಗಾರರಿಂದ 142, ಪ್ರೇಕ್ಷಕರಿಂದ 136, ಅಂದರೆ ಎರಡೂ ಕಡೆ ಸಮಸಮ, ನಿಯಮದಲ್ಲಿ ಐರ್ಲೆಂಡಿಗೆ ಅನುಕೂಲವಾಗುವ ಬದಲಾವಣೆ ಏನೂ ಇಲ್ಲ, ಆದ್ದರಿಂದ ಈ ಏರಿಕೆ ಹಾಡಿನದು ಮತ್ತು ವೇದಿಕೆಯದು. 2023ರಿಂದ ಸ್ಪರ್ಧೆಯಲ್ಲಿಲ್ಲದ ದೇಶಗಳ ಪ್ರೇಕ್ಷಕರೂ ಆನ್‌ಲೈನ್‌ನಲ್ಲಿ ಮತ ಹಾಕಬಹುದು, ಅವರೆಲ್ಲರ ಮತ ಸೇರಿ ಒಂದು ದೇಶದ ಮತಕ್ಕೆ ಸಮ. ಬೆಂಗಳೂರಿನಲ್ಲಿ ಭಾನುವಾರ ನಸುಕಿನ ಹನ್ನೆರಡೂವರೆಗೆ ಎದ್ದು ಕೂರುವವರು ತಮ್ಮ ಪಟ್ಟಿಗೆ ಆ ಒಂದು ಕಾಲಮ್ಮನ್ನೂ ಸೇರಿಸಿಕೊಳ್ಳಬಹುದು.

ಕೊನೆಯದಾಗಿ ಖಾಲಿ ಮನೆಗಳ ವಿಚಾರ. ಐರ್ಲೆಂಡಿನ ಪಟ್ಟಿಯಲ್ಲಿ ಅಂಥವು ನಾಲ್ಕಿವೆ, ನಾಲ್ಕಕ್ಕೂ ಅರ್ಥ ಬೇರೆ. 1983ರಲ್ಲಿ ಆರ್‌ಟಿಇ ನೌಕರರ ಮುಷ್ಕರವಿತ್ತು. 2002ರಲ್ಲಿ, ಹಿಂದಿನ ವರ್ಷದ ಕಳಪೆ ಫಲಿತಾಂಶದ ಕಾರಣ ನಿಯಮದಂತೆಯೇ ಹೊರಗುಳಿಯಬೇಕಾಯಿತು. 2020ರಲ್ಲಿ ಕೋವಿಡ್‌ನಿಂದ ಸ್ಪರ್ಧೆಯೇ ನಡೆಯಲಿಲ್ಲ. 2026ರ ವಿಯೆನ್ನಾ ಸ್ಪರ್ಧೆಯಿಂದ, ಇಸ್ರೇಲಿನ ಭಾಗವಹಿಸುವಿಕೆಯನ್ನು ವಿರೋಧಿಸಿ, ತಾನೇ ಹಿಂದೆ ಸರಿಯುವುದಾಗಿ ಆರ್‌ಟಿಇ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಇವುಗಳಲ್ಲಿ ಸೋಲೆಂದು ಎಣಿಸಬೇಕಾದದ್ದು 2002 ಒಂದೇ. ಉಳಿದ ಮೂರನ್ನು ಸರಾಸರಿ ತೆಗೆಯುವಾಗ ಬಿಟ್ಟುಬಿಡಿ.